ಊದದ ಕೈ

ಸರ್ಕಾರಿ ನೌಕರಿ ಮಾಡಿದ್ದು ನನ್ನ ಬಲಗೈ ತೋರುಬೆರಳು. ನಾನು ಅದರ ಜೊತೆಗೆ ಹೋಗಿ ಬಂದೆ, ಸಂಬಳ ಎಣಿಸಿಕೊಂಡೆ, ಅಷ್ಟೆ. ಇದು ಜಂಬದ ಮಾತಲ್ಲ. ಮೈಸೂರಿನ ಮೊಹಲ್ಲಾಗಳಲ್ಲಿ, ಸುತ್ತಲ ಊರುಗಳಲ್ಲಿ ಜನರ ಮುಂಗೈ ಮೇಲೆ ಬೆರಳಾಡಿಸಿ "ಗಟ್ಟಿ ಇದೆ" ಅಥವಾ "ಗಟ್ಟಿ ಇಲ್ಲ" ಎಂದು ಹೇಳುವುದೇ ನನ್ನ ಉದ್ಯೋಗವಾಗಿತ್ತು. ಕಂಕುಳಲ್ಲಿ ಮಗು ಹೊತ್ತ ಹೆಂಗಸರಿಂದ ಹಿಡಿದು ಗರಡಿಮನೆಯ ಪೈಲ್ವಾನರವರೆಗೆ ಎಲ್ಲರೂ ನನ್ನ ಮುಂದೆ ಕೈ ಚಾಚಿದವರೇ.

ಈಚೆಗೆ ನಮ್ಮ ಬೀದಿಯ ಹುಡುಗಿಯೊಬ್ಬಳು ಕ್ಷಯರೋಗದ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ಬಂದು ಕೇಳಿದಳು, "ಅಜ್ಜಿ, ನಿಮ್ಮ ಕಾಲದಲ್ಲಿ ಇಷ್ಟೆಲ್ಲ ಮಿಷನ್ನು ಇರ್ಲಿಲ್ವಲ್ಲ, ಹೇಗೆ ಕಂಡುಹಿಡೀತಿದ್ರಿ?" ಇತ್ತು ಕಣಮ್ಮ, ರೋಗಿಯ ಚರ್ಮವೇ ನಮ್ಮ ಮಿಷನ್ನು ಅಂದೆ. ತಮಾಷೆ ಅಂದುಕೊಂಡು ನಕ್ಕಳು. ಅವಳಿಗೋಸ್ಕರ, ಅವಳ ಜೊತೆಯವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ಯಾರು ಅಡ್ಡಗಾಲು ಹಾಕಿದರು ಎಂಬುದನ್ನೆಲ್ಲ ಬರೆಯಲು ಕೂತರೆ ನನಗೆ ರಕ್ತದೊತ್ತಡ ಏರುತ್ತದೆ, ನಿಮಗೆ ಆಕಳಿಕೆ ಬರುತ್ತದೆ. ಅದು ಬೇಡ. ಕೈಗಳ ವಿಷಯ ಹೇಳುತ್ತೇನೆ. ಅದರಲ್ಲೂ ಕೆಸರೆಯ ಗೌರಿ ಎಂಬ ಪುಟ್ಟ ಹುಡುಗಿಯ ಕೈ. ಊದದ ಆ ಕೈಯನ್ನು ನಾವೆಲ್ಲ ನಂಬಿದ್ದರಿಂದ ಆ ಮಗುವಿನ ಜೀವವೇ ಹೋಗುವುದರಲ್ಲಿತ್ತು.

ದೇಶಕ್ಕೆ ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮದು ಕಡಕೊಳದ ಕಡೆಯ ಬೇಸಾಯದ ಮನೆ. ನಮ್ಮಪ್ಪ ಹೆಣ್ಣುಮಗಳನ್ನು ಮೈಸೂರಿನಲ್ಲಿಟ್ಟು ಓದಿಸಿದ್ದು ಊರಿಗೆ ದೊಡ್ಡ ಸುದ್ದಿ. ಓದಿದ ಆ ಮಗಳು ಜೀಪಿನಲ್ಲಿ ಕೂತು ಕಂಡವರ ಕೈ ಮುಟ್ಟಿ ನೋಡುವ ಕೆಲಸ ಹಿಡಿದಳು ಎಂಬುದು ಅದಕ್ಕಿಂತ ದೊಡ್ಡ ಸುದ್ದಿ. ಕ್ಷಯದ ವಿರುದ್ಧ ಬಿ.ಸಿ.ಜಿ. ಲಸಿಕೆ ಹಾಕಲು ಆಗ ತಂಡಗಳನ್ನು ಕಟ್ಟುತ್ತಿದ್ದರು. ಗಂಡಸರ ಮುಂದೆ ತೋಳು ಚಾಚಲು ಹೆಂಗಸರು ಒಲ್ಲೆನೆನ್ನುತ್ತಿದ್ದುದರಿಂದ ತಂಡಕ್ಕೊಬ್ಬ ಹೆಂಗಸು ಬೇಕೇ ಬೇಕಾಯಿತು. ನನ್ನ ಅರ್ಹತೆಗಳಲ್ಲಿ ಮುಖ್ಯವಾದದ್ದು ಅದೇ.

ತಂಡದ ಯಜಮಾನರು ಡಾಕ್ಟರ್ ಶ್ರೀಕಂಠಯ್ಯನವರು. ಅಗ್ರಹಾರದವರು. ಅವರಜ್ಜ ಅರಮನೆಯಲ್ಲಿ ಪಂಚಾಂಗ ನೋಡುತ್ತಿದ್ದವರು, ಮೊಮ್ಮಗ ಊರವರ ಕೈ ನೋಡುವವರಾದರು. ಜೀಪಿನಲ್ಲಿ ಬರಿತಲೆಯಲ್ಲಿರುತ್ತಿದ್ದರು, ಯಾರದಾದರೂ ಮನೆ ಹೊಸ್ತಿಲು ಬಂತೆಂದರೆ ಜರಿ ಪೇಟ ತಲೆಗೇರುತ್ತಿತ್ತು. ಪೇಟ ಕಂಡರೆ ಮುದುಕರು ಎದ್ದು ನಿಲ್ಲುತ್ತಾರೆ, ಎದ್ದು ನಿಂತವರು ಇಲ್ಲ ಎನ್ನುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಕೋಪ ಮೂಗಿನ ತುದಿಯಲ್ಲಿ, ನಶ್ಯ ಅದರ ಕೆಳಗೆ. ಸೀನು ಬಂದರೆ ಕೋಪ ಹೋಗುತ್ತಿತ್ತು, ಹಾಗಾಗಿ ನಮ್ಮ ಡ್ರೈವರ್ ಮಾದಪ್ಪ ತಪ್ಪು ಮಾಡಿದಾಗಲೆಲ್ಲ ತಾನೇ ನಶ್ಯದ ಡಬ್ಬಿ ತೆಗೆದು ಅವರ ಮುಂದೆ ಹಿಡಿಯುತ್ತಿದ್ದ.

ನನ್ನ ಮೊದಲ ಪಾಠ ಮಾರ್ಕೆಟ್ಟಿನ ಮುಂದೆ ನಡೆಯಿತು. ಅವರೆಕಾಯಿಯ ಕಾಲ. ಡಾಕ್ಟರು ಗಾಡಿಯವನ ಹತ್ತಿರ ಒಂದು ಕಾಯಿ ಎತ್ತಿಕೊಂಡು, ಸುಲಿದು, ಕಾಳನ್ನು ಹಿಚುಕಿದರು. ಒಳಗಿಂದ ಹಸಿರು ಹುಳು ಹೊರಗೆ ಬಂತು.

"ಇದನ್ನ ಹೇಗೆ ಸಾಯಿಸ್ತೀರಮ್ಮ?"

"ಕಾಳನ್ನ ಚೆನ್ನಾಗಿ ತೊಳೀತೀನಿ ಸಾರ್."

"ತೊಳೀರಿ. ಒಳಗಿರೋ ಹುಳಕ್ಕೆ ಸ್ನಾನ ಕೂಡ ಆಗಲ್ಲ."

ಆಮೇಲೆ ಅಲ್ಲಿಯೇ ನಿಂತು ಹೇಳಿದರು. ಎಷ್ಟೋ ರೋಗದ ಕ್ರಿಮಿಗಳು ರಕ್ತದಲ್ಲಿ, ಮೈಯ ನೀರಿನಲ್ಲಿ ತೇಲಾಡಿಕೊಂಡಿರುತ್ತವೆ. ಅವಕ್ಕೆ ಅಂಟಿಕೊಂಡು ಕೆಡವುವ ಪದಾರ್ಥವನ್ನು ದೇಹ ತಯಾರಿಸಿ ರಕ್ತದಲ್ಲಿ ಬಿಡುತ್ತದೆ. ಕ್ಷಯದ ಕ್ರಿಮಿ ಹಾಗಲ್ಲ. ನಮ್ಮ ಮೈಯಲ್ಲಿ ಕ್ರಿಮಿಗಳನ್ನು ನುಂಗುವ ಕಣಗಳಿವೆಯಲ್ಲ, ಅವು ಇದನ್ನೂ ನುಂಗುತ್ತವೆ. ಇದು ನುಂಗಿಸಿಕೊಂಡು, ನುಂಗಿದವನ ಹೊಟ್ಟೆಯಲ್ಲೇ ಸಂಸಾರ ಹೂಡುತ್ತದೆ. ಹೊರಗಡೆ ರಕ್ತದಲ್ಲಿ ಏನು ಹರಿದರೂ ಅದಕ್ಕೆ ತಾಗುವುದಿಲ್ಲ.

"ಮತ್ತೆ ಯಾರು ಸಾಯಿಸ್ತಾರೆ ಸಾರ್?"

"ಕಾಳು ತಾನೇ ಒಳಗಿಂದ ಬಿಸಿಯಾಗ್ಬೇಕು ಕಣಮ್ಮ! ಬಿಸಿಯಾಗು ಅಂತ ಅದಕ್ಕೆ ಹೇಳೋರು ಬೇಕು."

ಹಾಗೆ ಹೇಳುವವರು ಬೇರೊಂದು ಜಾತಿಯ ಬಿಳಿ ಕಣಗಳು. ಡಾಕ್ಟರು ಅವನ್ನು ಪಹರೆಯವರು ಎನ್ನುತ್ತಿದ್ದರು. ಒಮ್ಮೆ ಕ್ರಿಮಿಯ ಗುರುತು ಹಿಡಿಯಲು ಅವರಿಗೆ ಕೆಲವು ವಾರ ಬೇಕು. ಹಿಡಿದ ಮೇಲೆ ಸುಲಭಕ್ಕೆ ಮರೆಯುವುದಿಲ್ಲ. ಯಾವ ಕಣದ ಹೊಟ್ಟೆಯಲ್ಲಿ ಕಳ್ಳ ಅಡಗಿದ್ದಾನೋ ಅದರ ಬಾಗಿಲಿಗೆ ಹೋಗಿ, "ಒಲೆ ಹಚ್ಚು, ನಿನ್ನೊಳಗೇ ಇದ್ದಾನೆ" ಎಂದು ಎಬ್ಬಿಸುತ್ತಾರೆ. ಆಗ ಅಷ್ಟು ದಿನ ಸುಮ್ಮನಿದ್ದ ಕಣ ತನ್ನೊಳಗಿನದನ್ನು ಬೇಯಿಸಿಬಿಡುತ್ತದೆ. ರೋಗ ಕಂಡ ಪ್ರಾಣಿಯ ರಕ್ತದ ನೀರನ್ನು ಇನ್ನೊಂದಕ್ಕೆ ಕೊಟ್ಟರೆ ಈ ಗುಣ ದಾಟುವುದಿಲ್ಲ, ಬಿಳಿ ಕಣಗಳನ್ನೇ ಕೊಟ್ಟರೆ ದಾಟುತ್ತದೆ ಎಂದು ಅವರು ಓದಿಕೊಂಡಿದ್ದರು. ಇವತ್ತು ಆ ಪಹರೆಯವರಿಗೆ ಟಿ ಕಣ ಅಂತ ಹೆಸರಿದೆ, ಅವರ ಒಳಪಂಗಡಗಳ ಮೇಲೆ ದಪ್ಪ ದಪ್ಪ ಪುಸ್ತಕಗಳಿವೆ. ಆಗ ಆ ಹೆಸರು ಹುಟ್ಟಿರಲಿಲ್ಲ. ಹೆಸರಿಲ್ಲದವರನ್ನು ನಂಬಿಕೊಂಡು ನಾವು ಜೀಪು ಓಡಿಸಿದೆವು.

ಪಹರೆಯವರು ಇದ್ದಾರೋ ಇಲ್ಲವೋ ನೋಡುವುದೇ ನನ್ನ ಕೆಲಸ. ಸತ್ತ ಕ್ರಿಮಿಯಿಂದ ತೆಗೆದ ರಸ ಒಂದು ಹನಿಯನ್ನು ಮುಂಗೈ ಚರ್ಮದ ಪದರದೊಳಗೆ ಬಿಡುತ್ತೇವೆ. ಮೈ ಆ ಕ್ರಿಮಿಯನ್ನು ಹಿಂದೆ ಕಂಡಿದ್ದರೆ ಪಹರೆಯವರು ಬಂದು ಅಲ್ಲಿ ಗುಂಪು ಸೇರುತ್ತಾರೆ. ಅವರದು ನಿಧಾನದ ನಡಿಗೆ, ಮೂರನೆಯ ದಿನದ ಹೊತ್ತಿಗೆ ಆ ಜಾಗ ಊದಿ ಗಟ್ಟಿಯಾಗುತ್ತದೆ. ಕೆಂಪಗಾಗಿದ್ದರೆ ಲೆಕ್ಕವಿಲ್ಲ, ಬೆರಳಿಗೆ ಗಟ್ಟಿ ಸಿಕ್ಕಬೇಕು. ಊದಿದರೆ ಪರಿಚಯವಾಗಿದೆ ಎಂದರ್ಥ. ಊದದಿದ್ದರೆ ಪರಿಚಯವಿಲ್ಲ, ಅಂಥವರಿಗೆ ಬಿ.ಸಿ.ಜಿ. ಅದು ಆ ಕ್ರಿಮಿಯದೇ ಒಂದು ಸಾಧುವಾದ ಬಳಗ. ಅದನ್ನು ತೋರಿಸಿ ಪಹರೆಯವರನ್ನು ಮೊದಲೇ ತಯಾರು ಮಾಡಿಟ್ಟುಕೊಳ್ಳುವುದು.

ಜನ ಇದನ್ನು ಹೇಗೆ ತಿಳಿದರು ಎನ್ನುತ್ತೀರಾ? ತಲೆಕೆಳಗಾಗಿ. ಊದಿದರೆ ರೋಗ, ಊದದಿದ್ದರೆ ಚೊಕ್ಕಟ. ಪೇಟೆಯ ದೊಡ್ಡ ಮನೆಯೊಂದರಲ್ಲಿ ವರನ ತಾಯಿ, ಬರುವ ಸೊಸೆಯ ಕೈ ಊದದೆ ಇದ್ದರೆ ಮಾತ್ರ ಲಗ್ನ ಎಂದು ಹಟ ಹಿಡಿದರು. ಜಾತಕದಲ್ಲಿ ಎಲ್ಲ ಕೂಡಿ ಬಂದಿದೆಯಂತೆ, ಮುಂಗೈಯೊಂದೇ ಬಾಕಿ. ಹುಡುಗಿಯ ತಂದೆ ಬಂದು ಡಾಕ್ಟರ ಮುಂದೆ ಕಣ್ಣೀರು ಹಾಕಿದರು. ಡಾಕ್ಟರು ಪೇಟ ಇಟ್ಟುಕೊಂಡು ಹೊರಟರು.

"ಅಮ್ಮಾವ್ರೇ, ಹುಡುಗಿ ಒಬ್ಳಿಗೇ ಹಾಕಿದ್ರೆ ಚೆನ್ನಾಗಿರಲ್ಲ. ಎರಡೂ ಮನೇವ್ರಿಗೂ ಹಾಕ್ಬಿಡೋಣ. ಸಮಾನ ಗೌರವ."

ಆಕೆ ಸಂತೋಷದಿಂದ ತೋಳು ಚಾಚಿದರು. ಮೂರನೆಯ ದಿನ ಹೋಗಿ ನೋಡಿದೆವು. ಹುಡುಗಿಯದು ಸಣ್ಣ ಊತ. ವರನ ತಾಯಿಯ ಮುಂಗೈ ಮೇಲೆ ಕಜ್ಜಾಯ ಇಟ್ಟ ಹಾಗೆ ಎದ್ದಿತ್ತು. "ಪಟ್ಟಣದಲ್ಲಿ ಬೆಳೆದವರ ಕೈ ಊದೋದೇ ಹೆಚ್ಚು, ಅಮ್ಮಾವ್ರೇ. ಪರಿಚಯ ಬೇರೆ, ಸಂಬಂಧ ಬೇರೆ. ಎದುರು ಬೀದಿಯೋರು ನಿಮಗೆ ಪರಿಚಯ ಇದ್ದಾರೆ ಅಂದ್ರೆ ಅವರು ನಿಮ್ಮನೇಲಿ ಬಂದು ಕೂತಿದ್ದಾರೆ ಅಂತಲ್ಲ" ಎಂದರು ಡಾಕ್ಟರು. ಮದುವೆ ಆಯಿತು. ನಾವು ಮೂವರೂ ಹೋಗಿ ಹೋಳಿಗೆ ತಿಂದು ಬಂದೆವು. ಡಾಕ್ಟರು ಆ ವರನ ತಾಯಿಯ ಕೈಯಲ್ಲೇ ಬಡಿಸಿಕೊಂಡರು ಅಂತ ಮಾದಪ್ಪ ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದ.

ಗರಡಿಮನೆಯಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಯಾರ ಊತ ದೊಡ್ಡದು ಎಂಬುದರ ಮೇಲೆ ಪಂದ್ಯ ಬಿತ್ತು. ಗೆದ್ದವನು ಕೈಗೆ ಹೂವಿನ ಹಾರ ಸುತ್ತಿಕೊಂಡು ಕೂತಿದ್ದ. ಸೋತವನು ನನ್ನ ಹತ್ತಿರ ಬಂದು, "ಅಕ್ಕಾ, ನಂಗೆ ಹಾಕುವಾಗ ನೀವು ಕೈ ಬಿಗಿ ಹಿಡಿದ್ಬುಟ್ರಿ, ಇನ್ನೊಂದು ಹಾಕಿ" ಎಂದು ಜಗಳಕ್ಕೇ ನಿಂತ. ಆಗುವುದಿಲ್ಲ ಎಂದಿದ್ದಕ್ಕೆ ಸರ್ಕಾರಕ್ಕೆ ಬರೆಯುತ್ತೇನೆ ಎಂದು ಹೆದರಿಸಿದ.

ಇಂಥವರನ್ನೆಲ್ಲ ನಿಭಾಯಿಸಬಹುದು. ಬಿಸಿಲನ್ನು ನಿಭಾಯಿಸುವುದೇ ಕಷ್ಟ. ಆಗಿನ ಲಸಿಕೆ ನೀರಿನ ರೂಪದ್ದು, ಮಲ್ಲಿಗೆ ಹೂವಿಗಿಂತ ನಾಜೂಕು. ಥರ್ಮಾಸಿನಲ್ಲಿ ಐಸು ತುಂಬಿ, ಬಾಟಲಿಗೆ ಕರಿ ಬಟ್ಟೆ ಸುತ್ತಿ ಒಯ್ಯಬೇಕು. ಐಸು ಕರಗಿದರೆ ಹಾಳು, ಬೆಳಕು ಬಿದ್ದರೆ ಹಾಳು. ಈಗಿನ ಒಣ ಪುಡಿಯ ಲಸಿಕೆ ಬಂದ ದಿನ ನಾನು ಮನೆಯಲ್ಲಿ ಪಾಯಸ ಮಾಡಿದೆ.

ಆ ಐಸಿನಿಂದಲೇ ಕೆಸರೆಯ ಕಥೆ ಶುರುವಾದದ್ದು. ಕೆಸರೆಯಲ್ಲಿ ಗಂಧದ ಕಡ್ಡಿ ಹೊಸೆಯುವ ಮನೆಗಳ ಒಂದು ಓಣಿ. ಅಲ್ಲಿನವರಿಗೆಲ್ಲ ರಸ ಹಾಕಿ, ಮೂರನೆಯ ದಿನ ಕೈ ನೋಡಲು ಹೋದೆವು. ದೊಡ್ಡವರ ಕೈಗಳು ಎಂದಿನಂತೆ ಊದಿದ್ದವು. ಮಕ್ಕಳ ಸಾಲಿಗೆ ಬಂದೆ. ಮೊದಲ ಮಗುವಿನ ಕೈ ಗಟ್ಟಿ ಇಲ್ಲ. ಎರಡನೆಯದು ಇಲ್ಲ. ಸಾಲು ಮುಗಿಯುವ ತನಕ ನನ್ನ ಬೆರಳಿಗೆ ಗಟ್ಟಿ ಅನ್ನುವುದು ಸಿಕ್ಕಲೇ ಇಲ್ಲ. ಅಂಥ ಇಕ್ಕಟ್ಟಿನ ಓಣಿಗಳಲ್ಲಿ ಕೆಲವು ಮಕ್ಕಳಾದರೂ ಊದಿಸಿಕೊಂಡಿರುತ್ತಿದ್ದರು. ಡಾಕ್ಟರು ಹಿಗ್ಗಿ ಹೀರೇಕಾಯಿ ಆಗಿ ನನ್ನ ಕಡೆ ತಿರುಗಿದರು.

"ನೋಡಿದ್ರಾ ತಾಯಮ್ಮ? ಒಂದು ಮಗುವಿಗೂ ತಾಕಿಲ್ಲ! ಗಂಧದ ಹೊಗೆಯಲ್ಲಿ ಏನೋ ಇದೆ ಕಣ್ರೀ. ಇದನ್ನ ಬರೀಬೇಕು."

ಮಾದಪ್ಪ ಮೆಲ್ಲಗೆ ನನ್ನ ಕಡೆ ಬಾಗಿ, "ಕಡ್ಡಿ ಹಚ್ಚಿದ್ರೆ ತಾನೆ ಹೊಗೆ? ಇಲ್ಲಿ ಹೊಸೀತಾರೆ ಅಷ್ಟೆ" ಎಂದ. ಡಾಕ್ಟರಿಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಸ್ಥಿತಿಯಲ್ಲೂ ಅವರಿರಲಿಲ್ಲ.

ಆ ಸಾಲಿನಲ್ಲಿ ಗೌರಿ ಇದ್ದಳು, ಆರೇಳು ವರ್ಷದವಳು. ಕೈ ಹಿಡಿದಾಗ ಸ್ವಲ್ಪ ಬೆಚ್ಚಗಿತ್ತು. ತಾಯಿ ನಿಂಗಮ್ಮನ ಅಂಗೈ ಕಡ್ಡಿಯ ಹಿಟ್ಟಿನಿಂದ ಕಪ್ಪಗಿತ್ತು. ಹಿಂದೆ ಜಗಲಿಯ ಮೇಲೆ ಗೌರಿಯ ತಾತ ಕೂತು ಕೆಮ್ಮುತ್ತಿದ್ದ. ಬೀಡಿಯ ಕೆಮ್ಮು ಅಂದರು. "ನಿಮ್ಮಗಳ ಕೈ ಚೊಕ್ಕಟವಾಗಿದೆ" ಎಂದು ಡಾಕ್ಟರು ನಿಂಗಮ್ಮನಿಗೆ ಹೇಳಿದರು. ಆಮೇಲೆ ಲಸಿಕೆಯ ಥರ್ಮಾಸ್ ತೆರೆದರೆ ಐಸು ಪೂರ್ತಿ ನೀರು. ಬಾಟಲಿ ಬೆಚ್ಚಗಾಗಿತ್ತು. ಎಲ್ಲವನ್ನೂ ಚರಂಡಿಗೆ ಸುರಿದು, ಮುಂದಿನ ವಾರ ಬರುತ್ತೇವೆ ಎಂದು ಹೊರಟೆವು. ಮಾದಪ್ಪ ನಶ್ಯದ ಡಬ್ಬಿ ಹಿಡಿದರೂ ಆವತ್ತು ಡಾಕ್ಟರಿಗೆ ಸೀನು ಬರಲಿಲ್ಲ.

ಮುಂದಿನ ವಾರ ಹೋದಾಗ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು, ಗೌರಿ ಇರಲಿಲ್ಲ. ಕೇಳಿದ್ದಕ್ಕೆ ನಿಂಗಮ್ಮ, "ಒಸಿ ಜ್ವರ ಕಣಮ್ಮ, ಒಳಗ್ ಮನಗವ್ಳೆ" ಎಂದಳು. ಒಳಗೆ ಹೋಗಿ ನೋಡಿದೆವು. ಮಗು ಗೋಡೆಯ ಕಡೆ ಮುಖ ಮಾಡಿ ಮಲಗಿತ್ತು. ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚಿತು. ಮೂರು ದಿನದಿಂದ ಉಂಡದ್ದೆಲ್ಲ ವಾಂತಿ, ಮಾತಿಲ್ಲ. ಒಂದೇ ವಾರದಲ್ಲಿ ಅವಳ ಪಕ್ಕೆಲುಬು ಎದ್ದು ಕಾಣುತ್ತಿತ್ತು. ಡಾಕ್ಟರು ಕತ್ತಿನ ಹಿಂದೆ ಕೈ ಹಾಕಿ ಎತ್ತಿ ನೋಡಿದರು. ಅವರ ಮುಖದ ಹಿಗ್ಗೆಲ್ಲ ಇಳಿದುಹೋಯಿತು.

"ಕ್ಷಯ ಮೈಯೆಲ್ಲ ಹರಡಿ ತಲೆಗೆ ಏರಿದ ಹಾಗಿದೆ. ಆದ್ರೆ ಕೈ ಊದಿಲ್ವಲ್ಲ? ಇಷ್ಟು ರೋಗ ಇದ್ದು ಕೈ ಊದಿಲ್ಲ ಅಂದ್ರೆ..." ಎಂದು ನನ್ನ ಕಡೆ ತಿರುಗಿ ಗೊಣಗಿದರು. ಆಮೇಲೆ ನಿಂಗಮ್ಮನ ಕಡೆ ನೋಡಿ ಕೇಳಿದರು, "ಏನಮ್ಮ, ಮಗೂಗೆ ಈಚೆಗೆ ದಡಾರ ಬಂದಿತ್ತಾ?"

"ಇಲ್ಲ ಬುದ್ಧಿ."

"ಓಣಿಯಲ್ಲಿ ಬೇರೆ ಯಾವ ಮಕ್ಕಳಿಗಾದ್ರೂ?"

ಬಾಗಿಲಲ್ಲಿ ನೆರೆದಿದ್ದ ಹೆಂಗಸರು ಒಟ್ಟಿಗೆ ತಲೆ ಅಲ್ಲಾಡಿಸಿದರು. ಇಲ್ಲ, ಇಲ್ಲ, ಯಾರಿಗೂ ಇಲ್ಲ.

"ಹಾಗಾದ್ರೆ ವಿಷಮಶೀತ ಜ್ವರವೇ ಇರಬೇಕು. ಏನೇ ಆಗಲಿ, ಆಸ್ಪತ್ರೆಗೆ ಕರ್ಕೊಂಡು ಹೋಗೋಣ, ಏಳಿ."

ನಿಂಗಮ್ಮ ಬಾಗಿಲಿಗೆ ಅಡ್ಡ ನಿಂತಳು. "ನೀವೇ ಯೋಳಿದ್ರಲ್ಲ ಬುದ್ಧಿ, ಮಗೀನ ಕೈ ಚೊಕ್ಕಟವಾಗೈತೆ ಅಂತ? ಚೊಕ್ಕಟವಾಗಿರೋ ಮಗೀನ ತಕ್ಕೊಂಡೋಗಿ ಕ್ಷಯದೋರ ಮಧ್ಯ ಯಾಕೆ ಮನಗಿಸ್ಲಿ? ಜ್ವರ ತಾನೆ, ಬುಟ್ಟೋಯ್ತದೆ."

ಡಾಕ್ಟರ ಮಾತನ್ನೇ ಅವರಿಗೆ ಹಿಂದಿರುಗಿಸಿದ್ದಳು.

ದಡಾರ ಎಂಬ ಮಾತು ಬಿದ್ದಾಗ ಆ ಹೆಂಗಸರ ಮುಖದಲ್ಲಿ ಆದದ್ದನ್ನು ನಾನು ಗಮನಿಸಿದ್ದೆ. ಒಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇನ್ನೊಬ್ಬಳು ಕೆನ್ನೆ ಬಡಿದುಕೊಂಡಳು. ನಮ್ಮಮ್ಮನೂ ಹಾಗೆಯೇ ಮಾಡುತ್ತಿದ್ದಳು. ನಾನು ನಿಂಗಮ್ಮನ ಪಕ್ಕ ನೆಲದ ಮೇಲೆ ಕೂತು, ದನಿ ತಗ್ಗಿಸಿ ಕೇಳಿದೆ.

"ನಿಂಗಮ್ಮ, ಮನೆಗೆ ದೊಡ್ಡೋರು ಯಾರಾದ್ರೂ ಬಂದಿದ್ರಾ?"

ಅವಳು ನನ್ನನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು. ಕಪ್ಪು ಅಂಗೈಗಳನ್ನು ಜೋಡಿಸಿದಳು.

"ಬಂದಿದ್ರು ಕಣಮ್ಮ."

"ತಣ್ಣಗೆ ಹೋದ್ರಾ?"

"ತಣ್ಣಗೇ ಓದ್ರು. ಮಗೀನ ಮೈಮ್ಯಾಗೆಲ್ಲ ಆಡಿ, ತಣ್ಣಗೆ ಓದ್ರು."

"ನಮ್ಮನೇಲೂ ಆಡವ್ರೆ ಕಣಮ್ಮ" ಎಂದಳು ಸೆರಗು ಕಚ್ಚಿದವಳು. "ನಮ್ಮ ಎಲ್ಡು ಐಕ್ಳ ಮ್ಯಾಲೂವೆ" ಎಂದಳು ಇನ್ನೊಬ್ಬಳು. ನಾವು ಮೊದಲು ಬಂದದ್ದಕ್ಕೆ ಸ್ವಲ್ಪ ಮುಂಚೆ ಓಣಿಯ ಅಷ್ಟೂ ಮನೆಗಳನ್ನು ದಡಾರ ಹೊಕ್ಕು ಬಂದಿತ್ತು.

ಡಾಕ್ಟರು ಅಲ್ಲೇ ಇದ್ದ ಒರಳುಕಲ್ಲಿನ ಮೇಲೆ ಪೇಟದ ಸಮೇತ ಕೂತುಬಿಟ್ಟರು. "ಯಾರಿಗೂ ಬಂದಿಲ್ಲ ಅಂದ್ರಲ್ರೀ?"

"ನೀವು ಹೆಸರು ಹಿಡಿದು ಕೇಳಿದ್ರಿ ಸಾರ್. ಹೋದ ಅಮ್ಮನ್ನ ಹೆಸರು ಹಿಡಿದು ಕರೆದ್ರೆ ತಿರುಗಿ ಬರ್ತಾಳೆ ಅಂತ ಭಯ. ಮೊಸರನ್ನ ಎಡೆ ಇಟ್ಟು ಅಮ್ಮನಿಗೆ ತಂಪೆರೆಯೋ ತನಕ ಯಾರೂ ಬಾಯಿ ಬಿಡಲ್ಲ."

"ನಿಮಗೆ ಈ ಪದ್ಧತಿ ಗೊತ್ತಿತ್ತಲ್ಲ, ಮೊದಲೇ ಕೇಳ್ಬಾರ್ದಿತ್ತೇ?"

"ಪದ್ಧತಿ ಗೊತ್ತಿತ್ತು ಸಾರ್. ದಡಾರಕ್ಕೂ ಕೈಗೂ ಏನು ಸಂಬಂಧ ಅಂತ ಗೊತ್ತಿರ್ಲಿಲ್ಲ."

ಅವರಿಗೆ ಯಾಕೆ ಕೇಳಬೇಕೆಂದು ಗೊತ್ತು, ಹೇಗೆ ಕೇಳಬೇಕೆಂದು ಗೊತ್ತಿಲ್ಲ. ನನಗೆ ಹೇಗೆ ಎಂಬುದು ಗೊತ್ತು, ಯಾಕೆ ಎಂಬುದು ಗೊತ್ತಿಲ್ಲ. ಇಬ್ಬರ ನಡುವೆ ಮಗು ಮಲಗಿತ್ತು.

ಸಂಬಂಧ ಏನೆಂದು ಅವರು ಅಲ್ಲಿಯೇ ಹೇಳಿದರು. ದಡಾರ ಬಂದ ಮೈಯಲ್ಲಿ ಪಹರೆಯವರು ಕೆಲವು ವಾರ ಮಂಕಾಗಿರುತ್ತಾರೆ. ಕಳ್ಳ ಎದುರಿಗೇ ನಿಂತಿದ್ದರೂ ಗುರುತು ಸಿಕ್ಕುವುದಿಲ್ಲ. ಹಾಗಾಗಿ ರಸ ಹಾಕಿದರೆ ಕೈ ಊದುವುದಿಲ್ಲ. ಅದೇ ಸಮಯ ನೋಡಿಕೊಂಡು, ಅಷ್ಟು ದಿನ ಕಣದೊಳಗೆ ಮುದುಡಿಕೊಂಡಿದ್ದ ಕ್ರಿಮಿ ಹೊರಬಿದ್ದು ಮೈಯೆಲ್ಲ ಹರಡುತ್ತದೆ. ತಾತನ ಕೆಮ್ಮು ಬೀಡಿಯದಲ್ಲ ಎಂಬುದು ಈಗ ಯಾರಿಗಾದರೂ ತಿಳಿಯುವಂತಿತ್ತು. ಗೌರಿಯ ಕೈ ಊದದೆ ಇದ್ದದ್ದು ಕ್ರಿಮಿ ಇಲ್ಲವೆಂದಲ್ಲ, ಕಾಯುವವರು ಇಲ್ಲವೆಂದು.

ನಾನು ಇದನ್ನೆಲ್ಲ ನಿಂಗಮ್ಮನಿಗೆ ನನ್ನ ಮಾತಿನಲ್ಲಿ ಹೇಳಿದೆ. ಅವಳು ತಿಳಿದುಕೊಂಡಳು. ತಿಳಿದುಕೊಂಡು ಅಳಲಿಕ್ಕೆ ಶುರು ಮಾಡಿದಳು. ಆದರೂ ಏಳಲಿಲ್ಲ.

"ಇನ್ನೂ ತಂಪೆರೆದಿಲ್ಲ ಕಣಮ್ಮ. ಮಂಗಳ್ವಾರ ಎರೀಬೇಕು ಅಂತಿದ್ದೊ. ಅದಕ್ ಮುಂಚೆ ಮಗೀನ ಓಣಿ ದಾಟಿಸಿದ್ರೆ ಅಮ್ಮ ಮುನಿಸ್ಕತಾಳೆ. ಇರಾದು ಒಂದೇ ಮಗು."

ಮಂಗಳವಾರಕ್ಕೆ ಇನ್ನೂ ನಾಲ್ಕು ದಿನ. ಡಾಕ್ಟರು ಎದ್ದು ನಿಂತರು. ಈಗ ಸಿಡಿಯುತ್ತಾರೆ ಎಂದುಕೊಂಡೆ, ಮಾದಪ್ಪ ಆಗಲೇ ಡಬ್ಬಿಗಾಗಿ ಜೇಬಿಗೆ ಕೈ ಹಾಕಿದ್ದ. ಡಾಕ್ಟರು ಅವನ ಕಡೆ ತಿರುಗಿ, "ಮಾದಪ್ಪ, ಜೀಪು ತಗೊಂಡು ಹೋಗಿ ಮೊಸರು ತಗೊಂಡು ಬಾ. ಬೇವಿನ ಸೊಪ್ಪೂ ತಾ. ನಿಂಗಮ್ಮ, ಅನ್ನಕ್ಕೆ ಇಡು" ಎಂದರು.

"ಇವತ್ತು ಶುಕ್ರವಾರ ಬುದ್ಧಿ" ಎಂದಳು ನಿಂಗಮ್ಮ.

"ನಮ್ಮಜ್ಜ ಅರಮನೇಲಿ ಪಂಚಾಂಗ ನೋಡ್ತಿದ್ರು ಕಣಮ್ಮ. ಶುಕ್ರವಾರವೂ ಅಮ್ಮಂದೇ. ನಾನು ಹೇಳ್ತಿದೀನಿ, ಇಡು."

ಸರ್ಕಾರದ ಜೀಪು ಮೊಸರಿಗೆ ಓಡಿತು. ಕ್ಷಯ ನಿರ್ಮೂಲನಕ್ಕೆಂದು ಕೊಟ್ಟ ಪೆಟ್ರೋಲು ಅಷ್ಟು ಸದ್ವಿನಿಯೋಗವಾದದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ. ಬಾಗಿಲಿಗೆ ಬೇವು ಕಟ್ಟಿದರು, ಮೊಸರನ್ನ ಕಲೆಸಿ ಎಡೆ ಇಟ್ಟರು, ಬಿಂದಿಗೆಯಲ್ಲಿ ತಂಪು ನೀರು ತಂದು ಎರೆದರು. ಡಾಕ್ಟರು ಪೇಟ ತೆಗೆದು ಕೈ ಮುಗಿದು ನಿಂತರು, ಅವರಿಗೆ ಅದರಲ್ಲಿ ನಂಬಿಕೆ ಇತ್ತೋ ಇಲ್ಲವೋ ನಾನು ಕೇಳಲಿಲ್ಲ. ಆಸ್ಪತ್ರೆಗೆ ಹೋಗುವಾಗ ಜೀಪಿನಲ್ಲಿ ಮಾತ್ರ ಅಂದರು, "ತಂಪೆರೆಯೋದಕ್ಕೆ ಅರ್ಧ ಗಂಟೆ ಹಿಡೀತು. ವಾದ ಮಾಡಿದ್ರೆ ಮಂಗಳವಾರ ಬರ್ತಿತ್ತು." ಗೌರಿ ನನ್ನ ತೊಡೆಯ ಮೇಲೆ ಮಲಗಿದ್ದಳು. ನಿಂಗಮ್ಮ ಮೊಸರನ್ನದ ಎಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ದೊಡ್ಡಾಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದರು. ಶ್ವಾಸಕೋಶದ ತುಂಬ ರಾಗಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ಬೆನ್ನುಹುರಿಯ ನೀರಿನಲ್ಲೂ ಸುಳಿವು ಸಿಕ್ಕಿತು. ಹತ್ತು ವರ್ಷ ಹಿಂದಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸ್ಟ್ರೆಪ್ಟೊಮೈಸಿನ್ ಸೂಜಿ ಬಂದಿತ್ತು, ಐಸೋನಿಯಜಿಡ್ ಮಾತ್ರೆ ಆಗತಾನೆ ಕೈಗೆ ಸಿಗುತ್ತಿತ್ತು. ಮಕ್ಕಳ ವಾರ್ಡಿನ ಡಾಕ್ಟರು ಎರಡನ್ನೂ ಶುರು ಮಾಡಿ, "ಬದುಕ್ತಾಳೆ ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ" ಎಂದರು. ತಾತನಿಗೂ ಔಷಧಿ ಶುರುವಾಯಿತು. ಓಣಿಯ ಉಳಿದ ಮಕ್ಕಳ ಕೈಗಳನ್ನು ಕೆಲವು ವಾರ ಬಿಟ್ಟು ಮತ್ತೆ ನೋಡಿದಾಗ ನಾಲ್ಕೈದು ಕೈಗಳು ಊದಿದವು. ಗಂಧದ ಹೊಗೆಯ ಮಾತನ್ನು ಡಾಕ್ಟರು ಮತ್ತೆ ಎತ್ತಲಿಲ್ಲ. ಮಾದಪ್ಪ ಎತ್ತುತ್ತಿದ್ದ.

ನಾನು ದಿನವೂ ಕೆಲಸ ಮುಗಿಸಿ ವಾರ್ಡಿಗೆ ಹೋಗುತ್ತಿದ್ದೆ. ಗೌರಿ ಕಣ್ಣು ತೆರೆಯುತ್ತಿದ್ದಳು, ಹಾಲು ಬಾಯಿಗೆ ಬಿಟ್ಟರೆ ನುಂಗುತ್ತಿದ್ದಳು, ಮಾತು ಮಾತ್ರ ಇಲ್ಲ. ಸೂಜಿ ಚುಚ್ಚಿದರೂ ಅಳು ಇಲ್ಲ. ನಿಂಗಮ್ಮನಿಗೆ ಅದೇ ದೊಡ್ಡ ಸಂಕಟ. "ಅತ್ರಾದ್ರೂ ಆಗಿತ್ತು ಕಣಮ್ಮ" ಎನ್ನುತ್ತಿದ್ದಳು.

ಕೆಲವು ವಾರ ಕಳೆದ ಮೇಲೆ ಡಾಕ್ಟರ್ ಶ್ರೀಕಂಠಯ್ಯನವರು ಗೌರಿಯ ಕೈಗೆ ಮತ್ತೆ ರಸ ಹಾಕಿ ನೋಡೋಣ ಎಂದರು. ಔಷಧಿಯೊಂದೇ ಹೊಡೆದಾಡುತ್ತಿದೆಯೋ, ಮೈಯೂ ಎದ್ದು ನಿಂತಿದೆಯೋ ತಿಳಿಯಬೇಕಲ್ಲ. ನಾನೇ ಹಾಕಿದೆ.

"ಈ ಸಲ ಊದ್ಬೇಕು ನಿಂಗಮ್ಮ. ಊದಿದ್ರೆ ಒಳ್ಳೇದು" ಎಂದೆ.

"ಅವತ್ತು ಊದದಿದ್ರೆ ಚೊಕ್ಕಟ ಅಂದ್ರಿ. ಇವತ್ತು ಊದಿದ್ರೆ ಒಳ್ಳೇದು ಅಂತೀರಿ. ಎಲುಬಿಲ್ದ ನಾಲಿಗೆ ಅಂದ್ರೆ ನಿಮ್ದೇ ಕಣಮ್ಮ" ಎಂದು ರೇಗಿದಳು. ರೇಗಿದರೂ ಆ ಮೂರು ದಿನ ಮಗಳ ಮುಂಗೈ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ.

ಊದಲಿಲ್ಲ. ನಾನು ಬೆರಳಾಡಿಸಿದೆ, ಡಾಕ್ಟರು ಆಡಿಸಿದರು. ಚರ್ಮ ನುಣ್ಣಗೆ ಜಾರಿತು. ಡಾಕ್ಟರು ಹೊರಟುಹೋದರು. ಅವರು ಆಸ್ಪತ್ರೆಯ ಮೆಟ್ಟಿಲಿನ ಮೇಲೆ ನಿಂತು ಬಹಳ ಹೊತ್ತು ರಸ್ತೆ ನೋಡುತ್ತಿದ್ದರು ಎಂದು ಮಾದಪ್ಪ ಹೇಳಿದ. ನಾನು ಅಷ್ಟು ಕೈ ನೋಡಿದ್ದೆ, ಒಂದು ಕೈ ಊದಲಿ ಎಂದು ಬೇಡಿಕೊಂಡದ್ದು ಅದೇ ಮೊದಲು.

ಇನ್ನೂ ಕೆಲವು ವಾರ ಬಿಟ್ಟು ಇನ್ನೊಂದು ಕೈಗೆ ಹಾಕಿದೆವು. ಮೂರನೆಯ ದಿನ ಮಧ್ಯಾಹ್ನ ಆಸ್ಪತ್ರೆಯ ಪಡಸಾಲೆಯಲ್ಲಿ ನಡೆದು ಬರುತ್ತಿದ್ದೆ. ವಾರ್ಡಿನೊಳಗಿಂದ ನಿಂಗಮ್ಮನ ಕೂಗು ಕೇಳಿಸಿತು. ಓಡಿದೆ. ಅವಳು ಮಂಚದ ಪಕ್ಕ ನಿಂತು ಮಗಳ ಕೈಯನ್ನು ಎತ್ತಿ ಹಿಡಿದು, ಸುತ್ತಲ ಮಂಚಗಳವರಿಗೆಲ್ಲ ತೋರಿಸುತ್ತಿದ್ದಳು.

"ಊದ್ಬುಟ್ಟದೆ ಕಣ್ರೀ! ನೋಡ್ರೀ, ನನ್ ಮಗಳ ಕೈ ಊದ್ಬುಟ್ಟದೆ!"

ಪಕ್ಕದ ಮಂಚದ ಮಗುವಿನ ತಂದೆ ಗಾಬರಿಯಾಗಿ ಎದ್ದು ನಿಂತಿದ್ದ. ಪಾಪ, ಅವನಿಗೇನು ಗೊತ್ತು. ನಾನು ಬೆರಳಿಟ್ಟು ನೋಡಿದೆ. ಗಟ್ಟಿ ಇತ್ತು. ಅಳತೆಪಟ್ಟಿ ಚೀಲದಲ್ಲೇ ಉಳಿಯಿತು, ನನ್ನ ಕಣ್ಣು ಮಂಜಾಗಿ ಗೆರೆಗಳು ಕಾಣುವಂತಿರಲಿಲ್ಲ. ಇದರಿಂದ ರೋಗ ವಾಸಿಯಾಯಿತು ಎಂದಲ್ಲ, ಮೈ ಕಳ್ಳನ ಗುರುತು ಹಿಡಿಯಿತು, ಅಷ್ಟೆ. ಇನ್ನೂ ವರ್ಷಗಟ್ಟಲೆ ಔಷಧಿ ಕೊಡಬೇಕು ಎಂದು ಅವಳಿಗೆ ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಗೌರಿ ಮುಖ ಕಿವುಚಿದಳು. ತಾಯಿಯ ಹಿಡಿತದಿಂದ ಕೈ ಕಿತ್ತುಕೊಂಡಳು. "ಬುಡವ್ವ, ಕಡೀತದೆ" ಎಂದಳು. ಆಸ್ಪತ್ರೆಗೆ ಬಂದ ಮೇಲೆ ಅವಳಾಡಿದ ಮೊದಲ ಮಾತು ಅದು.

ನಿಂಗಮ್ಮ ನೆಲದ ಮೇಲೆ ಕುಸಿದು ಕೂತು ಅತ್ತಳು. ನಾನೂ ಅತ್ತೆ, ಸಮವಸ್ತ್ರದಲ್ಲಿದ್ದೇನೆ ಎಂಬ ಪರಿವೆಯಿಲ್ಲದೆ. ಗೌರಿ ನಮ್ಮಿಬ್ಬರ ಕಡೆ ಗಮನವೇ ಕೊಡದೆ ಊದಿದ ಜಾಗವನ್ನು ಪರಪರ ಕೆರೆದುಕೊಳ್ಳತೊಡಗಿದಳು. ಕೆರೆಯಬೇಡಿ, ಕೆರೆಯಬೇಡಿ ಎಂದು ನೌಕರಿಯ ಉದ್ದಕ್ಕೂ ಊರವರಿಗೆಲ್ಲ ಗದರಿಸಿದವಳು ನಾನು. ಆ ಹುಡುಗಿಗೆ ಮಾತ್ರ ಹೇಳಲಿಲ್ಲ.